ಒಂದಾಣೆಯ ತಿಂಡಿ

ರಾಜ್ಯೋತ್ಸವದ ಈ ಸಂಚಿಕೆಗೆ ಏನಾದರೂ ಬರೆದುಕೊಡಬೇಕೆಂದು ನಮ್ಮ ಸಂಘದ ಕಾರ್ಯದರ್ಶಿಗಳು ಕೇಳಿದಾಗ ನಾನು ಹಿಂಜರಿದದ್ದು ಸಹಜವೇ. ನಾನು ಬಿ.ಕಾಂ. ಓದಿ ಬ್ಯಾಂಕಿನಲ್ಲಿ ಗುಮಾಸ್ತನಾಗಿರುವವನು. ಜಮಾ ಖರ್ಚಿನ ಲೆಕ್ಕವಲ್ಲದೆ ಬೇರೆ ಬರವಣಿಗೆಯ ಅಭ್ಯಾಸವುಳ್ಳವನಲ್ಲ. ಕದಂಬರ, ಹೊಯ್ಸಳರ ವಿಚಾರವನ್ನು ಬಲ್ಲವರು ಬರೆಯುತ್ತಾರೆ. ನಾನು ಬರೆಯಹೊರಟಿರುವುದು ಬಹು ಸಣ್ಣ ಚರಿತ್ರೆ. ಶಾಲೆಗೆ ಹೋಗುವ ಎಳೆಯ ಮಗುವಿನ ಹೊಟ್ಟೆಯ ಚರಿತ್ರೆ ಎಂದರೂ ಸಲ್ಲುತ್ತದೆ. ಅದು ನಾವು ಬಂದು ನೆಲಸಿರುವ ಈ ಮದರಾಸಿನ ಚರಿತ್ರೆಯೂ ಹೌದು, ಸ್ವಲ್ಪಮಟ್ಟಿಗೆ ನಮ್ಮ ಕನ್ನಡ ನಾಡಿನ ಚರಿತ್ರೆಯೂ ಹೌದು.

ಈ ವಿಚಾರ ನನ್ನ ತಲೆಗೆ ಹತ್ತಿದ್ದಕ್ಕೆ ಒಂದು ಕಾರಣವುಂಟು. ನನ್ನ ಮಗಳು ಎರಡನೆಯ ತರಗತಿಯಲ್ಲಿ ಓದುತ್ತಾಳೆ. ಶಾಲೆಯ ವ್ಯಾನು ಏಳೂ ಕಾಲಿಗೆಲ್ಲ ಬಾಗಿಲಿಗೆ ಬರುತ್ತದೆ. ಒಂದು ದಿನ ಬೆಳಗಿನ ಪ್ರಾರ್ಥನೆಯಲ್ಲಿ ನಿಂತಿದ್ದ ಹಾಗೆಯೇ ಅವಳು ಕಣ್ಣುಕತ್ತಲೆ ಬಂದು ಕುಸಿದಳೆಂದು ಬ್ಯಾಂಕಿಗೆ ಫೋನು ಬಂತು. ಮ್ಯಾನೇಜರರ ಅಪ್ಪಣೆ ಪಡೆದು ಓಡಿದೆ. ಮಗು ಬೆಂಚಿನ ಮೇಲೆ ಮಲಗಿತ್ತು. ಉಪಾಧ್ಯಾಯಿನಿಯವರು ಸಿಟ್ಟು ಮಾಡಲಿಲ್ಲ; “ಬೆಳಿಗ್ಗೆ ಏನು ತಿಂದಿದ್ದಳು?” ಎಂದು ಮಾತ್ರ ಕೇಳಿದರು. ನನಗೆ ಉತ್ತರ ತಿಳಿದಿರಲಿಲ್ಲ. ಹಿಂದಿನ ರಾತ್ರಿ ಒಂದು ಸಮಾರಂಭದಿಂದ ನಾವು ಮನೆಗೆ ಬಂದಾಗ ಹನ್ನೊಂದು ಗಂಟೆ. ಬೆಳಿಗ್ಗೆ ಎಬ್ಬಿಸಿದ್ದು ತಡ. ಅರ್ಧ ಲೋಟ ಹಾಲು ಕುಡಿದು, ಅದರಲ್ಲಿಯೂ ಸ್ವಲ್ಪ ಚೆಲ್ಲಿ, ವ್ಯಾನು ಹತ್ತಿದ್ದಳೆಂದು ಆಮೇಲೆ ಹೆಂಡತಿಯಿಂದ ತಿಳಿಯಿತು.

ಸಂಜೆ ನಮ್ಮ ಕಟ್ಟಡದ ಕಾವಲುಗಾರನ ಮಗ ಬಂದು ವಿಚಾರಿಸಿದ. ಅವನೂ ನನ್ನ ಮಗಳ ವಯಸ್ಸಿನವನೇ, ಕಾರ್ಪೊರೇಷನ್ ಶಾಲೆಯಲ್ಲಿ ಓದುತ್ತಾನೆ. ಸಂಗತಿ ಕೇಳಿ ಆಶ್ಚರ್ಯದಿಂದ, “ಅವಳ ಸ್ಕೂಲಿನಲ್ಲಿ ಬೆಳಿಗ್ಗೆ ತಿಂಡಿ ಹಾಕುವುದಿಲ್ಲವೇ ಅಂಕಲ್?” ಎಂದು ಕೇಳಿದ. ಅಷ್ಟು ಫೀಸು ಕಟ್ಟುವ ನನ್ನ ಮಗು ಹಸಿದು ಬಿದ್ದಿತು. ಫೀಸಿಲ್ಲದ ಶಾಲೆಯ ಮಗು ಬಿಸಿ ಉಪ್ಪಿಟ್ಟು ತಿಂದು ಪಾಠಕ್ಕೆ ಕುಳಿತಿತ್ತು. ಇದು ಹೇಗೆ ಬಂತೆಂದು ತಿಳಿಯಬೇಕೆನಿಸಿತು. ರಜೆಯ ದಿನಗಳಲ್ಲಿ ಓದಿ ತಿಳಿದುದನ್ನು ಇಲ್ಲಿ ಹೇಳುತ್ತೇನೆ.

ಮೊದಲು ಕನ್ನಡ ಕರಾವಳಿಗೆ ಹೋಗೋಣ. ನಮ್ಮ ದಕ್ಷಿಣ ಕನ್ನಡ ಜಿಲ್ಲೆ 1956ರವರೆಗೆ ಮದರಾಸಿನ ಆಡಳಿತಕ್ಕೆ ಸೇರಿತ್ತೆಂಬುದನ್ನು ಈಗಿನ ಮಕ್ಕಳು ಅರಿಯರು. ನನ್ನ ಅಜ್ಜ ಪುತ್ತೂರಿನ ಕಡೆ ಓದಿದ್ದು ಮದರಾಸು ಸರಕಾರದ ಪಾಠಪಟ್ಟಿಯನ್ನೇ. ಆ ಜಿಲ್ಲೆಯ ಕಾಸರಗೋಡಿನ ಕಡೆ 1859ರಲ್ಲಿ ಹುಟ್ಟಿದ ಕುದ್ಮುಲ್ ರಂಗರಾಯರು ಮಂಗಳೂರಿನಲ್ಲಿ ವಕೀಲರಾಗಿದ್ದರು. ಅಸ್ಪೃಶ್ಯರೆಂದು ದೂರವಿಟ್ಟಿದ್ದ ಜನರ ಮಕ್ಕಳಿಗಾಗಿ ಅವರು ಶಾಲೆಗಳನ್ನು ತೆರೆದು, 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ಸ್ವಜಾತಿಯವರು ಬಹಿಷ್ಕಾರ ಹಾಕಿದರೂ ಜಗ್ಗಲಿಲ್ಲ. ಶಾಲೆ ತೆರೆದ ಮಾತ್ರಕ್ಕೆ ಮಕ್ಕಳು ಬರುವುದಿಲ್ಲವೆಂಬುದು ಅವರಿಗೆ ಬೇಗನೆ ತಿಳಿಯಿತು. ಕೂಲಿಯ ಮನೆಯಲ್ಲಿ ಮಗುವೂ ದುಡಿಯುವ ಕೈ. ಅದು ಶಾಲೆಗೆ ಹೋದರೆ ಆ ಹೊತ್ತಿನ ಗಂಜಿಗೆ ದಾರಿಯೇನು? ರಾಯರು ಮಕ್ಕಳಿಗೆ ಮಧ್ಯಾಹ್ನದ ಊಟವನ್ನು ಶಾಲೆಯಲ್ಲಿಯೇ ಹಾಕಿಸಿದರು. ಅಕ್ಷರಕ್ಕಿಂತ ಮೊದಲು ಅನ್ನವೆಂಬ ಈ ತಿಳಿವಳಿಕೆಯನ್ನು ಕನ್ನಡ ನೆಲದ ಒಬ್ಬ ವಕೀಲರು ಸರಕಾರಗಳಿಗಿಂತ ಎಷ್ಟೋ ಮೊದಲೇ ಕಾರ್ಯರೂಪಕ್ಕೆ ತಂದಿದ್ದರೆಂಬುದು ನಮಗೆ ಹೆಮ್ಮೆಯ ಸಂಗತಿ.

ಇನ್ನು ಮದರಾಸು ನಗರ. 1920ರಲ್ಲಿ ಸರ್ ಪಿಟ್ಟಿ ತ್ಯಾಗರಾಯ ಚೆಟ್ಟಿಯವರು ಇಲ್ಲಿಯ ಕಾರ್ಪೊರೇಷನ್ನಿನ ಅಧ್ಯಕ್ಷರಾಗಿದ್ದರು. ನಮ್ಮಲ್ಲಿ ಅನೇಕರು ವಾಸವಾಗಿರುವ ತ್ಯಾಗರಾಯನಗರ ಇವರ ಹೆಸರನ್ನೇ ಹೊತ್ತಿದೆ, ನಾವು ಟಿ. ನಗರವೆಂದು ಕತ್ತರಿಸಿ ಹೇಳಿ ಅವರನ್ನು ಮರೆತಿದ್ದೇವೆ. ಥೌಸಂಡ್ ಲೈಟ್ಸ್ ಬಡಾವಣೆಯ ಕಾರ್ಪೊರೇಷನ್ ಶಾಲೆಗೆ ಬರುತ್ತಿದ್ದವರು ಕಡುಬಡವರ ಮಕ್ಕಳು. ಬಡತನದಿಂದ ಹಾಜರಿ ಇಳಿದಿತ್ತು. ಆದುದರಿಂದ ಆ ಶಾಲೆಯ ಮಕ್ಕಳಿಗೆ ತಲೆಗೆ ದಿನಕ್ಕೆ ಒಂದಾಣೆಗೆ ಮೀರದಂತೆ ತಿಂಡಿ ಕೊಡಬೇಕೆಂದು 1920ರ ಸೆಪ್ಟೆಂಬರಿನಲ್ಲಿ ಕಾರ್ಪೊರೇಷನ್ ಕೌನ್ಸಿಲು ಒಪ್ಪಿತು. ಆಮೇಲೆ ಇನ್ನೂ ನಾಲ್ಕು ಶಾಲೆಗಳಿಗೆ ಅದು ಹಬ್ಬಿತು. ಪರಿಣಾಮವಾಗಿ ಆ ಐದು ಶಾಲೆಗಳ ಮಕ್ಕಳ ಸಂಖ್ಯೆ ಕೆಲವೇ ವರ್ಷಗಳಲ್ಲಿ ಸುಮಾರು ಎರಡರಷ್ಟಾಯಿತು. ಒಂದಾಣೆ ಎಂದರೆ ರೂಪಾಯಿಯ ಹದಿನಾರರಲ್ಲಿ ಒಂದು ಪಾಲು. ಅಷ್ಟರಿಂದ ಆದ ಕೆಲಸವನ್ನು ಬೆತ್ತವಾಗಲಿ ಉಪದೇಶವಾಗಲಿ ಮಾಡಿರಲಿಲ್ಲ.

ಆದರೆ 1925ರಲ್ಲಿ ಈ ತಿಂಡಿ ನಿಂತುಹೋಯಿತು. ಏಕೆ? ಹಣವಿರಲಿಲ್ಲವೆಂದಲ್ಲ. ಪ್ರಾಥಮಿಕ ಶಿಕ್ಷಣಕ್ಕೆಂದು ಇಟ್ಟ ನಿಧಿಯಿಂದ ತಿಂಡಿಗೆ ಖರ್ಚು ಹಾಕಕೂಡದೆಂದು ಬ್ರಿಟಿಷ್ ಸರಕಾರ ಆಕ್ಷೇಪಿಸಿತು. ಲೆಕ್ಕದ ಕೆಲಸದಲ್ಲಿರುವ ನಾನು ಇದನ್ನು ಓದಿ ಒಂದು ಕ್ಷಣ ಸುಮ್ಮನಾದೆ. ನಮ್ಮ ಕಚೇರಿಯಲ್ಲಿಯೂ ಈ ಪ್ರಶ್ನೆ ದಿನವೂ ಏಳುತ್ತದೆ: ಇದು ಯಾವ ಬಾಬಿನ ಖರ್ಚು? ಬಾಬು ಸರಿಯಿಲ್ಲದಿದ್ದರೆ ಎಂಥ ನ್ಯಾಯವಾದ ಖರ್ಚೂ ಹಿಂದಕ್ಕೆ ಬರುತ್ತದೆ. ಹಲಗೆ, ಬಳಪ, ಉಪಾಧ್ಯಾಯರ ಸಂಬಳ ಶಿಕ್ಷಣದ ಬಾಬಿನಲ್ಲಿ ಸರಿ; ಮಗುವಿನ ಹಸಿವು ಮಾತ್ರ ಯಾವ ಬಾಬಿಗೂ ಸೇರದೆ ಹೋಯಿತು. ತಿಂಡಿ ನಿಂತೊಡನೆ ಮಕ್ಕಳೂ ಬರುವುದನ್ನು ನಿಲ್ಲಿಸಿದರು. ಕಡೆಗೆ 1927ರಲ್ಲಿ ಯೋಜನೆಯನ್ನು ಮತ್ತೆ ಪ್ರಾರಂಭಿಸಬೇಕಾಯಿತು.

ಅದೇ ಕಾಲದಲ್ಲಿ ಈ ನಗರದಲ್ಲಿ ದಕ್ಷಿಣ ಕನ್ನಡ ಮೂಲದ ಒಬ್ಬ ವೈದ್ಯರಿದ್ದರು: ಡಾಕ್ಟರ್ ಯು. ರಾಮರಾಯರು. ಅವರು 1904ರಲ್ಲಿ ವೈದ್ಯರಿಗಾಗಿ ‘ಆಂಟಿಸೆಪ್ಟಿಕ್’ ಎಂಬ ಮಾಸಪತ್ರಿಕೆಯನ್ನೂ, 1923ರಲ್ಲಿ ಸಾಮಾನ್ಯ ಜನರಿಗಾಗಿ ‘ಹೆಲ್ತ್’ ಎಂಬ ಪತ್ರಿಕೆಯನ್ನೂ ಹೊರಡಿಸಿದರು. ರೋಗ ಬಂದ ಮೇಲೆ ಮದ್ದು ಕೊಡುವುದು ವೈದ್ಯನ ಕೆಲಸವಾದರೆ, ರೋಗ ಬಾರದಂತೆ ದಿನಚರಿಯನ್ನು ತಿದ್ದಿಕೊಳ್ಳುವುದು ಮನೆಮನೆಯ ಕೆಲಸ. ಅಂಥ ಪತ್ರಿಕೆಯ ಅಗತ್ಯ ಅದಕ್ಕಾಗಿಯೇ. ರಾಯರು 1937ರಲ್ಲಿ ಮದರಾಸು ವಿಧಾನ ಪರಿಷತ್ತಿನ ಅಧ್ಯಕ್ಷರೂ ಆದರು. ಈ ನಗರಕ್ಕೆ ನಮ್ಮವರು ಹೋಟೆಲಿನ ಇಡ್ಲಿ ದೋಸೆಗಳನ್ನು ಮಾತ್ರವಲ್ಲ, ಆರೋಗ್ಯದ ಪಾಠವನ್ನೂ ತಂದಿದ್ದರೆಂಬುದಕ್ಕೆ ಇದೊಂದು ಸಾಕ್ಷಿ.

ಮುಂದೆ ಬಂದದ್ದು 1956. ಅದು ನಮಗೆಲ್ಲ ನೆನಪಿನಲ್ಲಿರಬೇಕಾದ ವರ್ಷ. ಆ ವರ್ಷದ ನವೆಂಬರ್ 1ರಂದು ಕನ್ನಡ ನಾಡು ಒಂದಾಯಿತು. ದಕ್ಷಿಣ ಕನ್ನಡ ಮದರಾಸನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿತು, ಕಾಸರಗೋಡು ಕೇರಳಕ್ಕೆ ಹೋಯಿತು. ಅದೇ ವರ್ಷ ಇಲ್ಲಿ ಮುಖ್ಯಮಂತ್ರಿ ಕಾಮರಾಜರು ಎಟ್ಟಯಾಪುರದಲ್ಲಿ ಶಾಲಾಮಕ್ಕಳ ಮಧ್ಯಾಹ್ನದ ಊಟದ ಯೋಜನೆಯನ್ನು ಪ್ರಾರಂಭಿಸಿದರು. ಮೊದಲಿಗೆ ಅದು ಊರವರ ದಾನದಿಂದಲೇ ನಡೆಯಿತು. ಒಬ್ಬರು ಅಕ್ಕಿ, ಒಬ್ಬರು ತರಕಾರಿ, ಒಬ್ಬರು ಸೌದೆ. ಮುಂದೆ ಒಂದು ಊಟಕ್ಕೆ ಹತ್ತು ಪೈಸೆಯೆಂದು ಲೆಕ್ಕ ಹಿಡಿದು, ಆರು ಪೈಸೆ ಸರಕಾರದ್ದು, ನಾಲ್ಕು ಪೈಸೆ ಊರಿನದ್ದು ಎಂದು ಗೊತ್ತುಮಾಡಿದರು. ಹಳೆಯ ಒಂದಾಣೆ ಹೊಸ ನಾಣ್ಯದಲ್ಲಿ ಆರೂ ಕಾಲು ಪೈಸೆ. ಎಂದರೆ ತ್ಯಾಗರಾಯ ಚೆಟ್ಟಿಯವರ ಒಂದಾಣೆಯೇ ಬೇರೆ ವೇಷದಲ್ಲಿ ಮತ್ತೆ ಬಂದಂತಾಯಿತು! ಬೆಲೆಗಳು ಎಷ್ಟೋ ಏರಿದ್ದವು. ಆ ಏರಿಕೆಯನ್ನು ಊರಿನ ಔದಾರ್ಯ ತುಂಬಿತು.

ಅನಂತರದ ಕಥೆಯನ್ನು ಬೇಗ ಹೇಳಿಬಿಡಬಹುದು. 1982ರ ಜುಲೈ 1ರಿಂದ ಎಂ. ಜಿ. ರಾಮಚಂದ್ರನ್ನರು ಇದನ್ನು ಬಹು ದೊಡ್ಡ ಪ್ರಮಾಣದ ಪೌಷ್ಟಿಕ ಊಟದ ಯೋಜನೆಯಾಗಿ ಮಾಡಿದರು. 1989ರಿಂದ ಮೊಟ್ಟೆ ಸೇರಿತು. 2001ರ ನವೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯ, ಸರಕಾರಿ ಮತ್ತು ಅನುದಾನಿತ ಪ್ರಾಥಮಿಕ ಶಾಲೆಗಳಲ್ಲಿ ಬೇಯಿಸಿದ ಊಟವನ್ನೇ ಕೊಡಬೇಕೆಂದು ದೇಶಕ್ಕೆಲ್ಲ ಆಜ್ಞೆ ಮಾಡಿತು. ಕರ್ನಾಟಕ 2002ರ ಜೂನಿನಲ್ಲಿ ಈಶಾನ್ಯದ ಏಳು ಜಿಲ್ಲೆಗಳಲ್ಲಿ ಇದನ್ನು ಪ್ರಾರಂಭಿಸಿ, ಆಮೇಲೆ ರಾಜ್ಯಕ್ಕೆಲ್ಲ ವಿಸ್ತರಿಸಿತು. ಅದಕ್ಕೆ ಇಟ್ಟ ಹೆಸರು ‘ಅಕ್ಷರ ದಾಸೋಹ’. ಇಲ್ಲಿ ಸತ್ತುಣವು, ಅಲ್ಲಿ ದಾಸೋಹ. ದಾಸೋಹವೆಂಬ ಮಾತನ್ನು ಶರಣರು ನಮಗೆ ಕೊಟ್ಟುಹೋದರು. ಅದರಲ್ಲಿ ಕೊಡುವವನು ದೊಡ್ಡವನಲ್ಲ, ಉಣ್ಣುವವನು ಸಣ್ಣವನಲ್ಲ. 2013ರ ಆಗಸ್ಟ್ 1ರಿಂದ ಕ್ಷೀರಭಾಗ್ಯದ ಹೆಸರಿನಲ್ಲಿ ಅಲ್ಲಿಯ ಮಕ್ಕಳಿಗೆ 150 ಮಿಲಿಲೀಟರ್ ಹಾಲೂ ಬಂತು. ಇತ್ತ ತಮಿಳುನಾಡು 2022ರ ಸೆಪ್ಟೆಂಬರ್ 15ರಂದು ಮದುರೆಯಲ್ಲಿ ಬೆಳಗಿನ ತಿಂಡಿಯನ್ನು ಪ್ರಾರಂಭಿಸಿ, 2023ರ ಆಗಸ್ಟ್ 25ರಿಂದ ಎಲ್ಲ ಸರಕಾರಿ ಪ್ರಾಥಮಿಕ ಶಾಲೆಗಳಿಗೆ ಹಬ್ಬಿಸಿತು. ಒಂದು ದಿನ ಉಪ್ಪಿಟ್ಟು, ಒಂದು ದಿನ ಕಿಚಡಿ, ಒಂದು ದಿನ ಪೊಂಗಲ್. ಥೌಸಂಡ್ ಲೈಟ್ಸಿನ ಒಂದಾಣೆಯ ತಿಂಡಿ ನೂರು ವರ್ಷ ನಡೆದು ನಮ್ಮ ಕಾವಲುಗಾರನ ಮಗನ ತಟ್ಟೆಗೆ ಬಂದು ತಲುಪಿತು.

ಹಾಗಾದರೆ ನನ್ನ ಮಗಳ ತಟ್ಟೆ? ಅದನ್ನು ತುಂಬಬೇಕಾದವನು ನಾನೇ. ಮನೆಯ ಲೆಕ್ಕ ತೆಗೆದು ನೋಡಿದೆ. ಫೀಸು, ವ್ಯಾನು, ಸಮವಸ್ತ್ರ, ಟ್ಯೂಷನ್, ನೃತ್ಯದ ಪಾಠ, ಎಲ್ಲಕ್ಕೂ ಬಾಬು ಇದೆ. ಬೆಳಗಿನ ಅರ್ಧ ಗಂಟೆಗೆ ಮಾತ್ರ ಬಾಬು ಇಲ್ಲ. 1925ರ ಆ ಅಧಿಕಾರಿಗಳನ್ನು ನೋಡಿ ನಗುವ ಹಕ್ಕು ನನಗೆ ಎಲ್ಲಿದೆ? ರಾತ್ರಿ ಎಂಟಕ್ಕೆ ಉಂಡ ಮಗು ಬೆಳಿಗ್ಗೆ ಹತ್ತರ ತಿಂಡಿಯ ಬಿಡುವಿನವರೆಗೆ ಕಾದರೆ ಹದಿನಾಲ್ಕು ಗಂಟೆಯ ಉಪವಾಸ. ದೊಡ್ಡವರ ಏಕಾದಶಿಯೂ ಇಷ್ಟು ಕಠಿಣವಾಗಿರುವುದಿಲ್ಲ. ಆರರಿಂದ ಹನ್ನೆರಡು ವಯಸ್ಸಿನ ಮಕ್ಕಳಿಗೆ ದಿನಕ್ಕೆ 9ರಿಂದ 12 ಗಂಟೆಯ ನಿದ್ರೆ ಬೇಕೆಂದು ವೈದ್ಯರು ಹೇಳುತ್ತಾರೆ. ನಮ್ಮ ಮನೆಯಲ್ಲಿ ಏಳೂವರೆಯೂ ಆಗುತ್ತಿರಲಿಲ್ಲ. ನಿದ್ರೆ ಸಾಲದ ಮಗುವಿಗೆ ಬೆಳಿಗ್ಗೆ ಹಸಿವಾಗುವುದಿಲ್ಲ. ತಿನ್ನದ ಮಗುವಿಗೆ ಪಾಠ ಹತ್ತುವುದಿಲ್ಲ. ತಪ್ಪು ಶುರುವಾಗುವುದು ಬೆಳಿಗ್ಗೆಯಲ್ಲ, ಹಿಂದಿನ ರಾತ್ರಿಯೇ.

ನನ್ನ ಅಜ್ಜನ ಬಾಲ್ಯದಲ್ಲಿ ಈ ಕಷ್ಟವಿರಲಿಲ್ಲ. ಕತ್ತಲಾದೊಡನೆ ಊಟ, ನಿದ್ರೆ. ಬೆಳಿಗ್ಗೆ ಕುಚ್ಚಲಕ್ಕಿಯ ಗಂಜಿ, ಉಪ್ಪಿನಕಾಯಿ. ಮತ್ತೆ ಎರಡು ಮೈಲಿ ನಡಿಗೆ. ಹಳೆಯ ಕಾಲವೇ ಒಳ್ಳೆಯದಿತ್ತೆಂದು ನಾನು ಹೇಳುತ್ತಿಲ್ಲ. ಗಂಜಿಯಿಲ್ಲದ ಮನೆಗಳ ಮಕ್ಕಳು ಆಗ ಆ ಶಾಲೆಯ ಮೆಟ್ಟಿಲನ್ನೇ ಹತ್ತಲಿಲ್ಲ. ಕುದ್ಮುಲ್ ರಂಗರಾಯರು ಕಂಡದ್ದು ಅವರನ್ನೇ. ಆದರೆ ಬಡತನವಿಲ್ಲದೆಯೂ ಮಗುವನ್ನು ಹಸಿದು ಕಳಿಸುವ ವಿದ್ಯೆಯನ್ನು ನಾವು ಈಚೆಗೆ ಕಲಿತಿದ್ದೇವೆ.

ನಮ್ಮ ಮನೆಯಲ್ಲಿ ಈಗ ಏಳೂವರೆಗೆ ಊಟ, ಎಂಟೂವರೆಗೆ ದೀಪ ಆರುತ್ತದೆ, ಟಿ.ವಿ. ಮೊಬೈಲುಗಳೂ ಆರುತ್ತವೆ. ಆರು ಗಂಟೆಗೆ ಮಗು ತಾನೇ ಏಳುತ್ತಾಳೆ. ಇಪ್ಪತ್ತು ನಿಮಿಷ ನಾನೂ ಅವಳೊಡನೆ ಕುಳಿತು ತಿನ್ನುತ್ತೇನೆ. ಇದರಿಂದ ನಿರೀಕ್ಷಿಸದ ಒಂದು ಲಾಭವಾಯಿತು. ಶಾಲೆಯಲ್ಲಿ ಅವಳದು ಇಂಗ್ಲಿಷು ಮತ್ತು ತಮಿಳು, ಅವೂ ಬೇಕಾದವೇ. ಸಂಜೆ ನಾನು ಬರುವ ಹೊತ್ತಿಗೆ ಅವಳಿಗೆ ನಿದ್ದೆಯ ಮಂಪರು. ಹೀಗಾಗಿ ಬೆಳಗಿನ ಈ ಇಪ್ಪತ್ತು ನಿಮಿಷವೇ ನಮ್ಮ ಮನೆಯ ಕನ್ನಡದ ಹೊತ್ತಾಗಿದೆ. ಮೊನ್ನೆ ದೋಸೆ ಮುರಿಯುತ್ತ, “ಅಪ್ಪ, ಹಸಿವು ಅನ್ನುವುದಕ್ಕೂ ಹಸಿ ಅನ್ನುವುದಕ್ಕೂ ಸಂಬಂಧ ಇದೆಯಾ?” ಎಂದು ಕೇಳಿದಳು. ನನಗೆ ತಿಳಿಯಲಿಲ್ಲ. ಆದರೆ ಪ್ರಶ್ನೆ ಕನ್ನಡದಲ್ಲಿ ಬಂತೆಂಬುದೇ ನನಗೆ ಸಾಕಾಯಿತು.

ಕೊನೆಯದಾಗಿ, ಸಂಘದ ಹಿರಿಯರಲ್ಲಿ ಒಂದು ವಿನಂತಿ. ರಾಜ್ಯೋತ್ಸವದ ದಿನ ಬಣ್ಣ ಹಚ್ಚಿ, ಕಿರೀಟ ಕಟ್ಟಿಕೊಂಡು ನಮ್ಮ ಮಕ್ಕಳು ಸಂಜೆ ಐದಕ್ಕೇ ತಯಾರಾಗಿ ಕಾಯುತ್ತಾರೆ. ಭಾಷಣಗಳು ಮುಗಿದು ಅವರ ಸರದಿ ಬರುವ ಹೊತ್ತಿಗೆ ಒಂಬತ್ತು ಗಂಟೆ. ಕೆಲವರು ಆಗಲೇ ತಾಯಂದಿರ ತೊಡೆಯ ಮೇಲೆ ನಿದ್ರೆ ಹೋಗಿರುತ್ತಾರೆ. ಈ ವರ್ಷ ಮಕ್ಕಳ ಕಾರ್ಯಕ್ರಮ ಮೊದಲಾಗಲಿ, ಅವರ ಊಟವೂ ಮೊದಲಾಗಲಿ. ನಮ್ಮ ಭಾಷಣಗಳು ಕಾಯಬಲ್ಲವು. ಖರ್ಚನ್ನು ಯಾವ ಬಾಬಿಗೆ ಹಾಕಬೇಕೆಂದು ಖಜಾಂಚಿಗಳು ಕೇಳಿದರೆ, ಕನ್ನಡದ ಬಾಬಿಗೇ ಹಾಕಿರಿ ಎಂದು ನನ್ನ ಅಭಿಪ್ರಾಯ.