ಬೀಪ್ ಸದ್ದಿನಿಂದ ಬೋಟಿನ ಜಿಪಿಎಸ್‌ವರೆಗೆ

ಒಂದು ಕಡೆ ಫಲ್ಗುಣಿ ನದಿ, ಇನ್ನೊಂದು ಕಡೆ ಅರಬ್ಬೀ ಸಮುದ್ರ, ನಡುವೆ ಉದ್ದಕ್ಕೆ ಮರಳಿನ ಪಟ್ಟಿ. ಅದೇ ನಮ್ಮ ಮಂಗಳೂರಿನ ಬೆಂಗ್ರೆ. ಇಲ್ಲಿನ ಮಕ್ಕಳಿಗೆ ಉಪಗ್ರಹಗಳ ಚರಿತ್ರೆ ಹೇಳುವಾಗ ನಾನು ಇಸವಿಗಳಿಂದ ಶುರುಮಾಡುವುದಿಲ್ಲ. "ದಡ ಕಾಣದಷ್ಟು ದೂರ ಹೋದ ಮೇಲೆ ಬೋಟು ಎಲ್ಲಿದೆ ಅಂತ ಹೇಗೆ ಗೊತ್ತಾಗ್ತದೆ?" ಅಂತ ಕೇಳುತ್ತೇನೆ. "ಜಿಪಿಎಸ್ ಸರ್!" ಅನ್ನುವ ಉತ್ತರ ಕೂಡಲೇ ಬರುತ್ತದೆ. ಸರಿ, ಆ ಜಿಪಿಎಸ್ ಎಲ್ಲಿಂದ ಬಂತು?

1957ರ ಅಕ್ಟೋಬರ್ 4ರಂದು ಸೋವಿಯತ್ ಒಕ್ಕೂಟ ಸ್ಪುಟ್ನಿಕ್ ಅನ್ನು ಹಾರಿಸಿತು. 58 ಸೆಂ.ಮೀ. ವ್ಯಾಸದ ಲೋಹದ ಚೆಂಡು, ತೂಕ 83.6 ಕೆ.ಜಿ. ಸುಮಾರು 96 ನಿಮಿಷಕ್ಕೊಮ್ಮೆ ಭೂಮಿಯನ್ನು ಸುತ್ತುತ್ತಾ 'ಬೀಪ್ ಬೀಪ್' ಅನ್ನುವುದಷ್ಟೇ ಅದರ ಕೆಲಸ. ಮೂರು ವಾರಗಳಲ್ಲಿ ಬ್ಯಾಟರಿ ಮುಗಿಯಿತು, ಸದ್ದೂ ನಿಂತಿತು.

ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದ ಪ್ರಯೋಗಾಲಯವೊಂದರಲ್ಲಿ ವಿಲಿಯಂ ಗಯರ್ ಮತ್ತು ಜಾರ್ಜ್ ವೈಫೆನ್‌ಬಾಕ್ ಎಂಬಿಬ್ಬರು ಆ ಸದ್ದನ್ನು ಕಿವಿಗೊಟ್ಟು ಕೇಳಿದರು. ಹಾರ್ನ್ ಹಾಕುತ್ತಾ ಬರುವ ಬಸ್ಸು ನಮ್ಮನ್ನು ದಾಟಿದ ಕೂಡಲೇ ಅದರ ಸ್ವರ ಇಳಿಯುತ್ತದಲ್ಲ, ಹಾಗೇ ಸ್ಪುಟ್ನಿಕ್ಕಿನ ಸಂಕೇತವೂ ಬದಲಾಗುತ್ತಿತ್ತು. ಇದಕ್ಕೆ ಡಾಪ್ಲರ್ ಪರಿಣಾಮ ಅನ್ನುತ್ತಾರೆ. ಅದರಿಂದ ಅವರು ಉಪಗ್ರಹದ ಕಕ್ಷೆಯನ್ನೇ ಲೆಕ್ಕ ಹಾಕಿಬಿಟ್ಟರು. 1958ರಲ್ಲಿ ಅಲ್ಲಿಯ ಫ್ರಾಂಕ್ ಮೆಕ್ಲೂರ್ ಈ ಲೆಕ್ಕವನ್ನು ತಿರುವಿಹಾಕಿದರು: ಉಪಗ್ರಹ ಎಲ್ಲಿದೆ ಎಂದು ಗೊತ್ತಿದ್ದರೆ, ಕೇಳುತ್ತಿರುವವನು ಎಲ್ಲಿದ್ದಾನೆಂದು ಹೇಳಬಹುದಲ್ಲವೇ? ಜಲಾಂತರ್ಗಾಮಿಗಳಿಗೆ ದಾರಿ ತೋರಿಸಿದ 'ಟ್ರಾನ್ಸಿಟ್' ವ್ಯವಸ್ಥೆ ಹುಟ್ಟಿದ್ದು ಹೀಗೆ. ಅದರ ಬೆನ್ನಿಗೆ ಬಂದದ್ದು ಜಿಪಿಎಸ್. ಅದರ ಮೊದಲ ಉಪಗ್ರಹ ಹಾರಿದ್ದು 1978ರಲ್ಲಿ. ಜಿಪಿಎಸ್ ಲೆಕ್ಕ ಹಾಕುವ ರೀತಿ ಬೇರೆ, ಅದು ಸಂಕೇತ ಬಂದು ತಲುಪಲು ಹಿಡಿದ ಸಮಯವನ್ನು ಅಳೆಯುತ್ತದೆ. ಪ್ರಶ್ನೆ ಮಾತ್ರ ಅದೇ.

ಇಷ್ಟು ಕೇಳಿದ ಮಕ್ಕಳಿಗೆ "ಇದೆಲ್ಲ ರಷ್ಯಾ, ಅಮೆರಿಕದವರ ಕತೆ" ಅನ್ನಿಸುವುದು ಸಹಜ. ಆಗ ಹಳೆಯ 2 ರೂಪಾಯಿ ನೋಟಿನ ಹಿಂಬದಿ ತೋರಿಸಬೇಕು. ಅಲ್ಲಿರುವುದು ನಮ್ಮ ಆರ್ಯಭಟ. ಅದನ್ನು ಕಟ್ಟಿದ ತಂಡದ ನಾಯಕ ಯು. ಆರ್. ರಾವ್ ನಮ್ಮ ಕರಾವಳಿಯವರೇ, ಉಡುಪಿ ಹತ್ತಿರದ ಅದಮಾರಿನಲ್ಲಿ 1932ರಲ್ಲಿ ಹುಟ್ಟಿದವರು. ಬೆಂಗಳೂರಿನ ಪೀಣ್ಯದ ಶೆಡ್ಡುಗಳಲ್ಲಿ ತಯಾರಾದ 360 ಕೆ.ಜಿ.ಯ ಆರ್ಯಭಟ 1975ರ ಏಪ್ರಿಲ್ 19ರಂದು ಸೋವಿಯತ್ ರಾಕೆಟ್ಟಿನಲ್ಲಿ ಮೇಲೇರಿತು. ನಾಲ್ಕೈದು ದಿನಗಳಲ್ಲೇ ವಿದ್ಯುತ್ ತೊಂದರೆಯಿಂದ ಅದರ ವೈಜ್ಞಾನಿಕ ಪ್ರಯೋಗಗಳು ನಿಂತವು. ಇದನ್ನೂ ನಾನು ಮಕ್ಕಳಿಂದ ಮುಚ್ಚಿಡುವುದಿಲ್ಲ. ಉಪಗ್ರಹ ಕಟ್ಟುವುದು, ಅದರೊಡನೆ ಮಾತಾಡುವುದು ಹೇಗೆಂದು ಕಲಿತದ್ದೇ ಲಾಭ. 1979ರ ಭಾಸ್ಕರದಲ್ಲಿ ಕಡಲನ್ನು ಗಮನಿಸುವ ಉಪಕರಣವಿತ್ತು. 1999ರ ಓಷನ್‌ಸ್ಯಾಟ್ ನೀರಿನ ಬಣ್ಣ ನೋಡತೊಡಗಿತು. ಮೀನು ಎಲ್ಲಿ ಸೇರಿರಬಹುದೆಂಬ ಸೂಚನೆಗೆ ಈ ಬಣ್ಣವೂ ಒಂದು ಆಧಾರ.

ಆದರೆ ಕತೆ ಇಲ್ಲಿಗೆ ಸುಖಾಂತ್ಯವಾಗುವುದಿಲ್ಲ. 2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಹೊರಟ 'ಸುವರ್ಣ ತ್ರಿಭುಜ' ಬೋಟು 7 ಮೀನುಗಾರರೊಂದಿಗೆ ಕಾಣೆಯಾಯಿತು. ನೌಕಾಪಡೆಗೆ ಅದರ ಅವಶೇಷ ಮಹಾರಾಷ್ಟ್ರದ ಕಡಲತಳದಲ್ಲಿ ಸಿಕ್ಕಿದ್ದು 2019ರ ಮೇ ತಿಂಗಳಲ್ಲಿ. ಜಿಪಿಎಸ್ ಬೋಟಿಗೆ "ನೀನು ಇಲ್ಲಿದ್ದಿ" ಅನ್ನುತ್ತದೆ. ದಡದಲ್ಲಿ ಕಾಯುವವರಿಗೆ ಅದು ತಾನಾಗಿ ಏನನ್ನೂ ಹೇಳುವುದಿಲ್ಲ. ಮೊಬೈಲ್ ಸಿಗ್ನಲ್ ದಡದಿಂದ ಸ್ವಲ್ಪ ದೂರಕ್ಕೇ ಮುಗಿಯುತ್ತದೆ. ಉಪಗ್ರಹದ ಮೂಲಕ ಎರಡೂ ಕಡೆಯಿಂದ ಸಂದೇಶ ಕಳಿಸಬಲ್ಲ ಟ್ರಾನ್ಸ್‌ಪಾಂಡರುಗಳನ್ನು 1 ಲಕ್ಷ ಮೀನುಗಾರಿಕಾ ಬೋಟುಗಳಿಗೆ ಅಳವಡಿಸುವ ಯೋಜನೆಗೆ 2024ರ ಆಗಸ್ಟ್‌ನಲ್ಲಿ ಚಾಲನೆ ಸಿಕ್ಕಿತು.

ಪರೀಕ್ಷೆಯಲ್ಲಿ ಸ್ಪುಟ್ನಿಕ್ಕಿನ ದಿನಾಂಕ ಒಂದು ಮಾರ್ಕಿನ ಪ್ರಶ್ನೆ. ಬರೆಯಲಿ, ಮಾರ್ಕು ಸಿಗಲಿ. ಆದರೆ ಆ ಚೆಂಡು ಮೂರು ವಾರ ಹೇಳಿದ್ದು "ನಾನು ಇಲ್ಲಿದ್ದೇನೆ" ಅನ್ನುವ ಒಂದೇ ಮಾತು. ಕಡಲಿಗೆ ಹೋದವರ ಮನೆಯವರು ಕೇಳಬಯಸುವುದೂ ಅದನ್ನೇ.