ಕಲ್ಲುಕುಟಿಗನ ಗುಪ್ತ ಮೆಟ್ಟಿಲು

ಕೆನಡಾದ ರಾಜಧಾನಿ ಒಟ್ಟಾವಾದ ಸಂಸತ್ ಆವರಣದಲ್ಲಿ ಪಶ್ಚಿಮ ಕಟ್ಟಡವೆಂಬ ಶಿಲಾಭವನವೊಂದಿದೆ. ಅದರ ಅತ್ಯುನ್ನತ ಗೋಪುರಕ್ಕೆ ಮೆಕೆಂಜಿ ಗೋಪುರವೆಂದು ಹೆಸರು. ಅದನ್ನು ಕಟ್ಟಿಸಿದ ಪ್ರಧಾನಿ ಹಿಂದೊಮ್ಮೆ ಉಳಿ-ಸುತ್ತಿಗೆ ಹಿಡಿದು ಕೂಲಿ ಮಾಡಿದವರೆಂದರೆ ನಂಬುವಿರಾ?

ಅಲೆಕ್ಸಾಂಡರ್ ಮೆಕೆಂಜಿ ಜನಿಸಿದ್ದು 1822ರಲ್ಲಿ, ಸ್ಕಾಟ್ಲೆಂಡಿನಲ್ಲಿ. ತಂದೆ ತೀರಿಕೊಂಡಾಗ ಬಾಲಕನಿಗೆ ಶಾಲೆ ತಪ್ಪಿತು. ಮುಂದೆ ಕಲ್ಲುಕೆಲಸವೇ ಕೈಹಿಡಿಯಿತು. 1842ರಲ್ಲಿ ಕೆನಡಾಕ್ಕೆ ವಲಸೆ ಬಂದು, 1861ರಲ್ಲಿ ಶಾಸನಸಭೆಗೆ ಚುನಾಯಿತರಾಗಿ, 1873ರಲ್ಲಿ ಆ ದೇಶದ ಎರಡನೆಯ ಪ್ರಧಾನಿಯಾದರು.

ಅವರ ಹಿಂದಿನ ಸರ್ಕಾರ ಉರುಳಿದ್ದು ರೈಲುಮಾರ್ಗದ ಗುತ್ತಿಗೆಗೆ ಅಂಟಿದ್ದ ಹಣದ ಹಗರಣದಿಂದ. ಆದ್ದರಿಂದಲೋ ಏನೋ, ಲೋಕೋಪಯೋಗಿ ಖಾತೆಯನ್ನು ಮೆಕೆಂಜಿ ತಾವೇ ಇಟ್ಟುಕೊಂಡರು. ಗುತ್ತಿಗೆದಾರರೂ ನೌಕರಿ ಬೇಡುವವರೂ ಬಾಗಿಲಿಗೆ ಮುತ್ತಿದರು. ಅವರಲ್ಲಿ ಸ್ವಪಕ್ಷದವರೂ ಇದ್ದರು! ಇವರ ಕಣ್ತಪ್ಪಿಸಿ ಕಚೇರಿಯಿಂದ ಇಳಿದುಹೋಗಲು ಪ್ರಧಾನಿ ಗುಪ್ತ ಮೆಟ್ಟಿಲೊಂದನ್ನು ಮಾಡಿಸಿಕೊಂಡರು. ನಗು ಬರುವ ಸಂಗತಿಯೇ ಸರಿ. ಆದರೆ ಗೋಡೆಯಲ್ಲಿ ಒಂದು ಕಲ್ಲು ಪೊಳ್ಳಾದರೆ ಏನಾಗುವುದೆಂದು ಕಲ್ಲುಕುಟಿಗನಿಗೆ ಯಾರೂ ಹೇಳಿಕೊಡಬೇಕಿಲ್ಲವಷ್ಟೆ.

1874ರಲ್ಲಿ ಅವರ ಸರ್ಕಾರ ಗುಪ್ತ ಮತದಾನವನ್ನು ಜಾರಿಗೆ ತಂದಿತು. ಅಲ್ಲಿಯವರೆಗೆ ದೇಶದ ಬಹುಭಾಗದಲ್ಲಿ ಕೂಲಿಯಾಳು ಧಣಿಯ ಕಿವಿಗೆ ಬೀಳುವಂತೆಯೇ ಮತ ಹೇಳಬೇಕಿತ್ತು. ಕೂಲಿ ಉಂಡವರಿಗೇ ಆ ಸಂಕಟದ ಆಳ ತಿಳಿದೀತು. ಹೊಸ ಪದ್ಧತಿಯಲ್ಲೇ ನಡೆದ 1878ರ ಚುನಾವಣೆಯಲ್ಲಿ ಜನರು ಅವರನ್ನೇ ಸೋಲಿಸಿದರು. ಸರ್ ಎಂಬ ಬಿರುದನ್ನು ಮೂರು ಸಲ ನಿರಾಕರಿಸಿದ ಮೆಕೆಂಜಿ 1892ರಲ್ಲಿ ತೀರಿಕೊಂಡರು.

1916ರ ಬೆಂಕಿಯಲ್ಲಿ ಸಂಸತ್ತಿನ ನಡುಭವನ ಸುಟ್ಟುಹೋಯಿತು. ಪಶ್ಚಿಮ ಕಟ್ಟಡ ಉಳಿಯಿತು. ಮರಳಿ ಕಟ್ಟಿದ ನಡುಭವನವೂ ದುರಸ್ತಿಗಾಗಿ ಮುಚ್ಚಿದಾಗ, 2019ರ ಜನವರಿಯಲ್ಲಿ ಜನಪ್ರತಿನಿಧಿಗಳ ಸಭೆ ಮೆಕೆಂಜಿಯವರ ಗೋಪುರವಿರುವ ಆ ಕಲ್ಲುಮನೆಗೇ ಬಂದು ಸೇರಿತು.