ವಸ್ತುಸಂಗ್ರಹಾಲಯದ ಅಂಗಳದಲ್ಲಿ ಜನಪದೋತ್ಸವ: ಸ್ಮಿತ್‌ಸೋನಿಯನ್ ಸಂಸ್ಥೆಯ ಪ್ರಯೋಗ

ವಸ್ತುಸಂಗ್ರಹಾಲಯವು ವಸ್ತುವನ್ನು ಕಾಪಾಡುತ್ತದೆ; ಆ ವಸ್ತುವನ್ನು ನಿರ್ಮಿಸಿದ ಕೈಯನ್ನು ಕಾಪಾಡುವುದು ಅದರ ಶಕ್ತಿಗೆ ಮೀರಿದ ಕಾರ್ಯ. ಗಾಜಿನ ಪೆಟ್ಟಿಗೆಯಲ್ಲಿರಿಸಿದ ವಾದ್ಯದ ಅಳತೆ, ಕಾಲ, ದೇಶಗಳನ್ನು ನಾವು ತಿಳಿಯಬಹುದು. ಅದರ ನಾದವನ್ನು ತಿಳಿಯಲಾರೆವು. ಈ ಕೊರತೆಯನ್ನು ನೀಗುವ ಸಲುವಾಗಿ ಕುಶಲಕರ್ಮಿಗಳನ್ನೂ ಗಾಯಕರನ್ನೂ ವಸ್ತುಸಂಗ್ರಹಾಲಯದ ಅಂಗಳಕ್ಕೇ ಕರೆತರುವ ಪ್ರಯತ್ನಗಳು ಇಪ್ಪತ್ತನೆಯ ಶತಮಾನದಲ್ಲಿ ನಡೆದವು. ಅವುಗಳಲ್ಲಿ, ವಾಷಿಂಗ್‌ಟನ್ ನಗರದ ಸ್ಮಿತ್‌ಸೋನಿಯನ್ ಸಂಸ್ಥೆಯು 1967ರಲ್ಲಿ ಆರಂಭಿಸಿದ ವಾರ್ಷಿಕ ಜನಪದೋತ್ಸವವು ಗಣನೀಯವಾದುದು. ಪ್ರಕೃತ ಲೇಖನದಲ್ಲಿ ಅದರ ಚರಿತ್ರೆಯನ್ನು ಒಂದೇ ಪ್ರಶ್ನೆಯ ಬೆಳಕಿನಲ್ಲಿ ಪರಿಶೀಲಿಸಲು ಯತ್ನಿಸುತ್ತೇವೆ: ವಸ್ತುಗಳ ನಡುವೆ ಮನುಷ್ಯನನ್ನು ತಂದು ನಿಲ್ಲಿಸಿದಾಗ ಅವನು ಅಲ್ಲಿ ಅತಿಥಿಯೋ, ಇಲ್ಲವೆ ತಾನೂ ಒಂದು ಪ್ರದರ್ಶನವಸ್ತುವೋ?

ಈ ಪ್ರಶ್ನೆ ಕೇವಲ ತಾರ್ಕಿಕವಾದುದಲ್ಲ. ಅದರ ಹಿಂದೆ ಅಹಿತವಾದ ಇತಿಹಾಸವುಂಟು. 1829ರಲ್ಲಿ ನಿಧನನಾದ ಜೇಮ್ಸ್ ಸ್ಮಿತ್‌ಸನ್ ಎಂಬ ಆಂಗ್ಲ ವಿಜ್ಞಾನಿಯ ಮರಣಶಾಸನದ ಧನದಿಂದ, 1846ರ ಶಾಸನದ ಮೂಲಕ, ಜ್ಞಾನದ ವೃದ್ಧಿ ಮತ್ತು ಪ್ರಸಾರಗಳಿಗಾಗಿ ಈ ಸಂಸ್ಥೆ ಸ್ಥಾಪಿತವಾಯಿತು. 1893ರಲ್ಲಿ ಷಿಕಾಗೋ ನಗರದಲ್ಲಿ ನಡೆದ ಜಾಗತಿಕ ಮಹಾಪ್ರದರ್ಶನಕ್ಕೆ ವರ್ಗೀಕರಣದ ಯೋಜನೆಯನ್ನು ಸಿದ್ಧಪಡಿಸಿಕೊಟ್ಟವನು ಇದೇ ಸಂಸ್ಥೆಯ ಜಾರ್ಜ್ ಬ್ರೌನ್ ಗೂಡ್. ಆ ಪ್ರದರ್ಶನದ ಮನರಂಜನೆಯ ಬೀದಿಯಲ್ಲಿ ದೂರದೇಶಗಳ ಜನರನ್ನು ಕೃತಕ ಹಳ್ಳಿಗಳಲ್ಲಿರಿಸಿ ತೋರಿಸಲಾಯಿತು. 1904ರಲ್ಲಿ ಸೇಂಟ್ ಲೂಯಿ ನಗರದ ಪ್ರದರ್ಶನದಲ್ಲಿ, ಆಗತಾನೆ ಅಮೆರಿಕದ ಅಧೀನಕ್ಕೆ ಬಂದಿದ್ದ ಫಿಲಿಪ್ಪೀನ್ಸ್ ದ್ವೀಪಗಳ ಸಾವಿರಕ್ಕೂ ಹೆಚ್ಚು ಮಂದಿಯನ್ನು ಇದೇ ರೀತಿ ನೆಲೆಗೊಳಿಸಿದ್ದರು. ಜನಾಂಗಗಳನ್ನು 'ಅನಾಗರಿಕ'ದಿಂದ 'ನಾಗರಿಕ'ದವರೆಗೆ ಮೆಟ್ಟಿಲುಗಳಾಗಿ ಜೋಡಿಸುವುದು ಅಂದಿನ ಪಂಡಿತಮತವಾಗಿತ್ತು. ನೋಡುವವನಿಗೆ ಮಾತಿತ್ತು, ನೋಡಲ್ಪಡುವವನಿಗೆ ಇರಲಿಲ್ಲ. ಮನುಷ್ಯರನ್ನು ಪ್ರದರ್ಶನಕ್ಕೆ ಕರೆತರುವ ಯಾವ ವಸ್ತುಸಂಗ್ರಹಾಲಯವೇ ಆಗಲಿ ಈ ಋಣಭಾರವನ್ನು ಹೊತ್ತೇ ಹೊರಡಬೇಕಾಗುತ್ತದೆ.

1964ರಲ್ಲಿ ಡಿಲ್ಲನ್ ರಿಪ್ಲಿ ಸಂಸ್ಥೆಯ ಕಾರ್ಯದರ್ಶಿಯಾದರು. ಸಾಲಿಂ ಅಲಿಯವರೊಡನೆ ಭಾರತ-ಪಾಕಿಸ್ತಾನಗಳ ಪಕ್ಷಿಗಳ ಬಗೆಗೆ ಹತ್ತು ಸಂಪುಟಗಳ ಕೈಪಿಡಿಯನ್ನು ರಚಿಸಿದ ಪಕ್ಷಿಶಾಸ್ತ್ರಜ್ಞರೆಂದು ಅವರು ನಮ್ಮವರಿಗೆ ಪರಿಚಿತರೇ. ವಾದ್ಯಗಳನ್ನು ಪೆಟ್ಟಿಗೆಗಳಿಂದ ಹೊರತೆಗೆದು ನುಡಿಸಬೇಕೆಂಬುದು ಅವರ ನಿಲುವು. ಈ ನಿಲುವಿಗೆ ಕಾರ್ಯರೂಪ ಕೊಟ್ಟವರು ಜೇಮ್ಸ್ ಮಾರಿಸ್ ಮತ್ತು ರಾಲ್ಫ್ ರಿನ್ಸ್‌ಲರ್. 1967ರ ಜುಲೈ 1ರಿಂದ 4ರವರೆಗೆ, ವಸ್ತುಸಂಗ್ರಹಾಲಯಗಳ ಸಾಲಿನ ನಡುವೆ ಹಬ್ಬಿರುವ ನ್ಯಾಷನಲ್ ಮಾಲ್ ಎಂಬ ಹುಲ್ಲುಬಯಲಿನಲ್ಲಿ, 58 ಮಂದಿ ಕುಶಲಕರ್ಮಿಗಳೂ 32 ಗಾಯನ-ನೃತ್ಯ ತಂಡಗಳೂ ಸೇರಿದವು. ಪ್ರವೇಶಶುಲ್ಕವಿರಲಿಲ್ಲ. ಅಲ್ಲಿಂದೀಚೆಗೆ ಉತ್ಸವವು ಬೆಳೆಯುತ್ತ ಬಂದು, ಸ್ವಾತಂತ್ರ್ಯದ ದ್ವಿಶತಮಾನೋತ್ಸವದ ವರ್ಷವಾದ 1976ರಲ್ಲಿ ಹನ್ನೆರಡು ವಾರಗಳ ಕಾಲ ನಡೆಯಿತು.

ಆದರೆ ಉತ್ಸವದ ಮಹತ್ತ್ವವನ್ನು ಸಂಖ್ಯೆಗಳಲ್ಲಿ ಹುಡುಕುವುದು ಸರಿಯಲ್ಲ. ಅದರ ವಿಧಾನದಲ್ಲಿ ಹುಡುಕಬೇಕು. ಇಲ್ಲಿ ಬುಟ್ಟಿ ಹೆಣೆಯುವವನು ಹೆಣೆಯುತ್ತ ಕುಳಿತಿರುತ್ತಾನೆ. ಸುತ್ತ ನಿಂತವರು ಪ್ರಶ್ನಿಸುತ್ತಾರೆ. ಉತ್ತರ ಹೇಳುವವನು ಅವನೇ. ವಿದ್ವಾಂಸನು ಪಕ್ಕದಲ್ಲಿದ್ದರೂ ಅವನದು ಪರಿಚಯಕಾರನ ಕೆಲಸ, ತೀರ್ಪುಗಾರನದಲ್ಲ. 1904ರ ಪ್ರದರ್ಶನಕ್ಕೂ ಇದಕ್ಕೂ ಇರುವ ಅಂತರವು ಈ ಸಣ್ಣ ಏರ್ಪಾಡಿನಲ್ಲಿ ಅಡಗಿದೆಯೆಂದು ನಮ್ಮ ಅಭಿಪ್ರಾಯ.

ಹೀಗೆ ಮಾತು ದೊರೆತವನು ತನ್ನ ಊರಿಗೆ ಏನನ್ನು ಕೊಂಡೊಯ್ಯುತ್ತಾನೆ? ಇದಕ್ಕೆ ಲೂಯಿಸಿಯಾನ ಸಂಸ್ಥಾನದ ಒಂದು ದೃಷ್ಟಾಂತವನ್ನು ನೋಡಬಹುದು. ಅಲ್ಲಿಯ ಫ್ರೆಂಚ್ ಭಾಷಿಕರಾದ ಕೇಜನ್ ಜನರ ಮಕ್ಕಳು ಶಾಲೆಯಲ್ಲಿ ಮಾತೃಭಾಷೆಯನ್ನಾಡಿದರೆ ಶಿಕ್ಷೆಗೆ ಗುರಿಯಾಗುತ್ತಿದ್ದರು. 1921ರ ಸಂಸ್ಥಾನ ಸಂವಿಧಾನವು ಇಂಗ್ಲಿಷನ್ನೊಂದನ್ನೇ ಬೋಧನಭಾಷೆಯಾಗಿ ವಿಧಿಸಿತ್ತು. ಭಾಷೆಯೊಡನೆ ಅವರ ಪಿಟೀಲು ಸಂಗೀತವೂ ಹೀನವೆನಿಸಿಕೊಂಡಿತು. ರಿನ್ಸ್‌ಲರ್ ಸ್ಮಿತ್‌ಸೋನಿಯನ್ನಿಗೆ ಬರುವ ಮೊದಲು ನ್ಯೂಪೋರ್ಟ್ ಜನಪದಗೀತೋತ್ಸವಕ್ಕಾಗಿ ಕ್ಷೇತ್ರಕಾರ್ಯ ನಡೆಸುತ್ತಿದ್ದಾಗ, 1964ರಲ್ಲಿ ಡ್ಯೂಯಿ ಬಾಲ್ಫ ಎಂಬ ಪಿಟೀಲುಗಾರನನ್ನು ಅಲ್ಲಿಗೆ ಆಹ್ವಾನಿಸಲಾಯಿತು. ಸಾವಿರಾರು ಜನರ ಮೆಚ್ಚುಗೆಯನ್ನು ಕಂಡು ಬಂದ ಬಾಲ್ಫ, ಅದೇ ಮೆಚ್ಚುಗೆ ಸ್ವಂತ ಊರಿನಲ್ಲೂ ಕೇಳಬೇಕೆಂದು ಮುಂದೆ ಬಾಳೆಲ್ಲ ದುಡಿದನು. 1968ರಲ್ಲಿ ಫ್ರೆಂಚ್ ಭಾಷೆಯ ಅಭಿವೃದ್ಧಿಗಾಗಿ ಸಂಸ್ಥಾನವೇ ಒಂದು ಮಂಡಲಿಯನ್ನು ರಚಿಸಿತು. 1974ರಲ್ಲಿ ಲಫಾಯೆಟ್ ನಗರದಲ್ಲಿ ಕೇಜನ್ ಸಂಗೀತದ ಗೌರವಾರ್ಥ ಉತ್ಸವವು ನಡೆಯಿತು. ಇವೆಲ್ಲಕ್ಕೂ ಒಂದೇ ವೇದಿಕೆ ಕಾರಣವೆಂದರೆ ಅತಿಶಯೋಕ್ತಿಯಾದೀತು. ಆದರೆ ಹೊರಗಿನ ಗೌರವವು ಒಳಗಿನ ಆತ್ಮಗೌರವಕ್ಕೆ ಇಂಬಾಗಬಲ್ಲದೆಂಬ ನಂಬಿಕೆಯನ್ನು ರಿನ್ಸ್‌ಲರ್ ಈ ಬಗೆಯ ಅನುಭವದಿಂದಲೇ ವಾಷಿಂಗ್‌ಟನ್ನಿಗೆ ತಂದರು.

ಈ ನಂಬಿಕೆ ಕಠಿನ ಪರೀಕ್ಷೆಗೊಳಗಾದದ್ದು 1985ರಲ್ಲಿ. ಅದರ ಸಂಬಂಧ ನಮ್ಮ ದೇಶದೊಡನೆ. ಆ ವರ್ಷ ಅಮೆರಿಕದಲ್ಲಿ ಭಾರತೋತ್ಸವವು ನಡೆಯುತ್ತಿತ್ತು. ಅದರ ಅಂಗವಾಗಿ, ರಾಜೀವ ಸೇಠಿಯವರ ವಿನ್ಯಾಸ ಮತ್ತು ರಿಚರ್ಡ್ ಕ್ಯೂರಿನ್ ಅವರ ನಿರ್ವಹಣೆಗಳಲ್ಲಿ, ಜೂನ್-ಜುಲೈ ತಿಂಗಳುಗಳಲ್ಲಿ ಮಾಲ್ ಬಯಲಿನಲ್ಲಿ ಭಾರತೀಯ ಜಾತ್ರೆಯೊಂದು, 'ಮೇಳ' ಎಂಬ ಹೆಸರಿನಿಂದ, ನೆರೆಯಿತು. ಅಲ್ಲಿಗೆ ಹೋದ ಕಲಾವಿದರಲ್ಲಿ ದೆಹಲಿಯ ಶಾದೀಪುರ ವಸತಿಯವರೂ ಇದ್ದರು. ಬೊಂಬೆಯಾಟದವರು, ಜಾದೂಗಾರರು, ಬಹುರೂಪಿಗಳು ಬಿಡಾರ ಹೂಡಿ ನೆಲೆಸಿದ್ದ ಗುಡಿಸಲುಗಳ ಕೇರಿ ಅದು.

ಇವರ ಸ್ಥಿತಿಯಲ್ಲಿದ್ದ ವೈಪರೀತ್ಯವನ್ನು ಗಮನಿಸಬೇಕು. 1959ರ ಮುಂಬಯಿ ಭಿಕ್ಷಾಟನ ನಿವಾರಣಾ ಶಾಸನವು ದೆಹಲಿಗೂ ಅನ್ವಯವಾಗಿತ್ತು. ಹಾಡುವುದು, ಕುಣಿಯುವುದು, ಆಟವಾಡಿ ತೋರಿಸುವುದು ಮುಂತಾದವುಗಳ ನೆಪದಲ್ಲಿ ಸಾರ್ವಜನಿಕ ಸ್ಥಳದಲ್ಲಿ ಕಾಸು ಬೇಡುವುದನ್ನೂ ಆ ಶಾಸನ ಭಿಕ್ಷೆಯೆಂದೇ ಗಣಿಸುತ್ತಿತ್ತು. ಅರ್ಥಾತ್, ಯಾವ ವಿದ್ಯೆಗಾಗಿ ವಾಷಿಂಗ್‌ಟನ್ನಿನಲ್ಲಿ ಇವರು ರಾಷ್ಟ್ರದ ಪ್ರತಿನಿಧಿಗಳೋ, ಅದೇ ವಿದ್ಯೆಯನ್ನು ದೆಹಲಿಯ ಬೀದಿಯಲ್ಲಿ ತೋರಿಸಿ ಕೈಚಾಚಿದರೆ ಅಪರಾಧಿಗಳು. ಸೇಠಿಯವರ ನೆರವಿನಿಂದ ಈ ಕಲಾವಿದರು 'ಭೂಲೇ ಬಿಸರೇ ಕಲಾಕಾರ್' ಎಂಬ ಸಹಕಾರ ಸಂಘವನ್ನು ಕಟ್ಟಿಕೊಂಡಿದ್ದರು. 'ಮರೆತುಹೋದ ಕಲಾವಿದರು' ಎಂಬ ಆ ಹೆಸರೇ ಒಂದು ಮನವಿಯಂತಿದೆ.

ಉತ್ಸವವು ಅವರಿಗೆ ಗೌರವವನ್ನು ತಂದಿತೆಂಬುದರಲ್ಲಿ ಸಂದೇಹವಿಲ್ಲ. ಆದರೆ ಗೌರವವು ತಾನಾಗಿಯೇ ಹಕ್ಕಾಗಿ ಪರಿಣಮಿಸುವುದಿಲ್ಲವೆಂಬುದನ್ನು ಅನಂತರದ ಇತಿಹಾಸ ತೋರಿಸುತ್ತದೆ. ಕಠಪುತಲಿ ಕಾಲೊನಿ ಎಂದು ಪ್ರಸಿದ್ಧವಾದ ಆ ವಸತಿಯನ್ನು ಪುನರ್ನಿರ್ಮಾಣ ಯೋಜನೆಗಾಗಿ 2017ರ ಅಕ್ಟೋಬರಿನಲ್ಲಿ ಕೆಡವಲಾಯಿತು. ಭಿಕ್ಷಾಟನೆಯನ್ನು ಅಪರಾಧವೆನ್ನುವ ವಿಧಿಗಳನ್ನು ದೆಹಲಿಯ ಉಚ್ಚ ನ್ಯಾಯಾಲಯವು ಅಸಿಂಧುವೆಂದು ಸಾರಿದ್ದು 2018ರಲ್ಲಿ, ಮೇಳ ಮುಗಿದು ಮೂವತ್ತಮೂರು ವರ್ಷಗಳ ಮೇಲೆ. ಬಾಲ್ಫನಿಗೆ ಹಿಂದಿರುಗಲು ಊರಿತ್ತು, ಅದನ್ನು ತಿದ್ದಲು ಅವಕಾಶವಿತ್ತು. ಶಾದೀಪುರದವನಿಗೆ ನಿಲ್ಲುವ ನೆಲವೇ ಅನಿಶ್ಚಿತವಾಗಿತ್ತು. ಒಂದೇ ವಿಧಾನ ಎರಡೆಡೆ ಭಿನ್ನ ಫಲ ಕೊಟ್ಟುದಕ್ಕೆ ಕಾರಣವನ್ನು ಇಲ್ಲಿ ಹುಡುಕಬೇಕಾಗಿದೆ.

ಹಾಗಾದರೆ ಇಂಥ ಉತ್ಸವಗಳು ವ್ಯರ್ಥವೇ? ಹಾಗೆನ್ನುವುದು ಅವಿಚಾರವಾದೀತು. ನೋಡಲ್ಪಡುವವನಿಗೆ ಮಾತು ದೊರಕಿದುದು ಅಲ್ಪ ಸಾಧನೆಯಲ್ಲ. ಅದಕ್ಕೆ 1893ರಿಂದ ಮುಕ್ಕಾಲು ಶತಮಾನ ಹಿಡಿಯಿತು. ಆದರೆ ವಸ್ತುಸಂಗ್ರಹಾಲಯದ ಅಧಿಕಾರವು ಅದರ ಬಯಲಿನ ಎಲ್ಲೆಗೇ ಮುಗಿಯುತ್ತದೆ. ಅದು ಆಲಿಸುವ ಕಿವಿಯನ್ನು ಒದಗಿಸಬಲ್ಲದು. ನ್ಯಾಯವನ್ನು ಒದಗಿಸಬೇಕಾದವರು ಬೇರೆ. ಆದುದರಿಂದ ಇಂಥ ಉತ್ಸವದ ಚರಿತ್ರೆಯನ್ನು ಬರೆಯುವವರು ಮೂರು ವಿಷಯಗಳನ್ನು ವಿಚಾರಿಸಬೇಕೆಂದು ನಮಗೆ ತೋರುತ್ತದೆ: ಕಲಾವಿದರನ್ನು ಆರಿಸಿದವರಾರು? ಅವರ ಪರವಾಗಿ ಮಾತನಾಡಿದವರಾರು? ಡೇರೆಗಳನ್ನು ಕಿತ್ತ ಮೇಲೆ ಅವರು ಹಿಂದಿರುಗಿದ್ದು ಎಲ್ಲಿಗೆ? ಮೊದಲೆರಡಕ್ಕೆ ಉತ್ಸವದ ದಾಖಲೆಗಳೇ ಸಾಕಾದಾವು. ಮೂರನೆಯದಕ್ಕೆ ಸಂಶೋಧಕನು ವಸ್ತುಸಂಗ್ರಹಾಲಯದಿಂದ ಹೊರಬಂದು, ಕಲಾವಿದನ ಕೇರಿಯವರೆಗೂ ನಡೆಯಬೇಕಾಗುತ್ತದೆ.